ನಂದಿಯಿಂದ ಹೆಸರಘಟ್ಟಕ್ಕೆ, ಕೋಡಿಯಿಂದ ಕೋಡಿಗೆ: ಅರ್ಕಾವತಿ ಜಾಡಿನಲ್ಲಿ ಎಂಟಿಬಿ

ನಂದಿ ಬೆಟ್ಟದ ಬುಡದಿಂದ ಹೆಸರಘಟ್ಟದ ಕೆರೆಯವರೆಗೆ, ಅರ್ಕಾವತಿ ಹರಿದ ಜಾಡಿನಲ್ಲೇ, ದ್ರಾಕ್ಷಿ ತೋಟಗಳ ನಡುವೆ ಎಂಟಿಬಿ (ಮೌಂಟೇನ್ ಬೈಕ್, ಕಚ್ಚಾ ದಾರಿಯ ಸೈಕಲ್) ಓಡಿಸಬಹುದು. ಒಟ್ಟು 60 ಕಿಲೋಮೀಟರ್ ಆಸುಪಾಸು. ಅದರಲ್ಲಿ ಡಾಂಬರು ಸಿಗುವುದು ಏಳೆಂಟು ಕಿಲೋಮೀಟರ್ ಅಷ್ಟೇ. ಇದು ಆಗುವ ಕೆಲಸವಲ್ಲ ಅಂತ ನಮ್ಮ ಸೈಕಲ್ ಗುಂಪಿನಲ್ಲಿ ಹೇಳದವರೇ ಇರಲಿಲ್ಲ. ಹೊಳೆಯೇ ಇಲ್ಲ, ಹೊಳೆ ಪಕ್ಕ ಎಂಥ ದಾರಿ ಅಂದರು. ಜಾಲಿ ಮುಳ್ಳು ಬಿಡುತ್ತಾ ಅಂದರು. ತೋಟದವರು ಒಳಗೇ ಬಿಟ್ಟುಕೊಳ್ಳಲ್ಲ ಅಂದರು. ಈಗ ಅವರಲ್ಲಿ ಅರ್ಧ ಜನ ನನ್ನ ಹಿಂದೆ ಬಂದು ಹೋಗಿದ್ದಾರೆ. ಯಾರೂ ನಡುವೆ ಬಿಟ್ಟು ಗಾಡಿ ಹತ್ತಲಿಲ್ಲ.

ನಂದಿ ಅಂದರೆ ನಮ್ಮವರಿಗೆ ಬೆಟ್ಟ ಹತ್ತುವುದು ಮಾತ್ರ. ಬೆಳಿಗ್ಗೆ 1478 ಮೀಟರ್ ಎತ್ತರಕ್ಕೆ ಹೋಗಿ ಫೋಟೊ ಹೊಡೆದು, ಇಳಿದು, ತಟ್ಟೆ ಇಡ್ಲಿ ತಿಂದು ಮನೆಗೆ. ಅದೇ ಬೆಟ್ಟದಲ್ಲಿ ಅರ್ಕಾವತಿ ಹುಟ್ಟುತ್ತೆ, ದಕ್ಷಿಣ ಪಿನಾಕಿನಿ ಹುಟ್ಟುತ್ತೆ. ಬುಡದಲ್ಲಿ ಎತ್ತ ತಿರುಗಿದರೂ ಬೆಂಗಳೂರು ಬ್ಲೂ ದ್ರಾಕ್ಷಿಯ ಚಪ್ಪರ. ಅಷ್ಟು ದೂರ ಬಂದು ಇದನ್ನೆಲ್ಲ ನೋಡದೆ ವಾಪಸ್ ಹೋಗೋದು ನನಗೆ ಮೊದಲಿಂದಲೂ ಸಂಕಟ.

ಮೊದಲು ಸ್ಯಾಟಲೈಟ್ ಚಿತ್ರ ನೋಡಿ ಗೆರೆ ಎಳೆದೆ. ಕಂಪ್ಯೂಟರಿನಲ್ಲಿ ಹಳ್ಳ ಚೆನ್ನಾಗಿ ಕಾಣುತ್ತೆ. ನೆಲದ ಮೇಲೆ ಹೋದರೆ ಆಳೆತ್ತರದ ಜಾಲಿ, ಅದರಾಚೆ ಸೋಲಾರ್ ಬೇಲಿ. ಸೈಕಲ್ ಹೊತ್ತುಕೊಂಡು ನಡೆದದ್ದೇ ಜಾಸ್ತಿ. ಆಮೇಲೆ ಬೇರೆ ಸವಾರರು ಹೋದ ದಾರಿ ತೋರಿಸುವ ಆ್ಯಪ್ ಹಿಡಿದೆ. ಎಲ್ಲರೂ ಹೋಗೋದು ಡಾಂಬರಿನ ಮೇಲೆ, ಹಾಗಾಗಿ ಆ್ಯಪ್ ಕೂಡ ತಿರುಗಿ ಅಲ್ಲಿಗೇ ತಂದು ಬಿಡುತ್ತೆ. ಹ್ಯಾಂಡಲ್‌ಗೆ ಹಾಕುವ ಜಿಪಿಎಸ್‌ಗೆ ಇಪ್ಪತ್ತೈದು ಸಾವಿರದ ಹತ್ತಿರ ಹೋಯಿತು. ಒಳ್ಳೆಯ ಯಂತ್ರವೇ. ಆದರೆ ಅದರ ಮ್ಯಾಪಿನಲ್ಲಿ ನನಗೆ ಬೇಕಾದ ದಾರಿ ಒಂದೂ ಇರಲಿಲ್ಲ. ಮುಕ್ಕಾಲು ಬೆಲೆಗೆ ಮಾರಿದೆ.

ಕೆಲಸಕ್ಕೆ ಬಂದದ್ದು ಕಂದಾಯ ಇಲಾಖೆಯ ಗ್ರಾಮ ನಕ್ಷೆ. ಜಾಲತಾಣದಲ್ಲಿ ಪಿಡಿಎಫ್ ದುಡ್ಡಿಲ್ಲದೆ ಸಿಗುತ್ತೆ. ಅದರಲ್ಲಿ ಹಳ್ಳ ಇದೆ, ಕೆರೆ ಇದೆ, ಬಂಡಿದಾರಿ ಜೋಡಿ ಚುಕ್ಕೆ ಗೆರೆಯಲ್ಲಿದೆ, ಕಾಲುದಾರಿ ಒಂಟಿ ಚುಕ್ಕೆ ಗೆರೆಯಲ್ಲಿದೆ. ಊರ ಮಂದಿ 'ನಕಾಶೆ ದಾರಿ' ಅನ್ನುತ್ತಾರಲ್ಲ, ಅದೇ. ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡರೆ ನಾವು ನಿಂತಿರುವುದು ಯಾವ ಸರ್ವೆ ನಂಬರ್ ಅಂತ ಅಲ್ಲೇ ಗೊತ್ತಾಗುತ್ತೆ. ನಕಾಶೆ ದಾರಿ ಊರಿನದು, ಯಾರೊಬ್ಬರದೂ ಅಲ್ಲ. ಆದರೆ ಎಷ್ಟೋ ಕಡೆ ಉತ್ತುಬಿಟ್ಟಿದ್ದಾರೆ. ಅಲ್ಲಿ ನಕ್ಷೆ ತೋರಿಸಿ ವಾದ ಮಾಡಲು ಹೋಗಬೇಡಿ. ಇಳಿದು, ತಳ್ಳಿಕೊಂಡು, "ಅಣ್ಣಾ, ಕೆರೆ ಏರಿ ಮೇಲೆ ಹೋಗ್ಬೇಕಿತ್ತು, ಇಂಗೋದ್ರೆ ಸಿಗುತ್ತಾ?" ಅಂತ ಕೇಳಿದರೆ ಅವರೇ ಬದು ತೋರಿಸುತ್ತಾರೆ. ಒಬ್ಬ ಅಜ್ಜ ಮಾತ್ರ ನನ್ನನ್ನೇ ದಿಟ್ಟಿಸಿ ನೋಡಿ, "ಹೊಳೆ ಎಲ್ಲೈತೆ ಸಾಮಿ? ಬೋರ್‌ವೆಲ್ಲು ಬಂದ್ಮೇಲೆ ಹೊಳೆ ಹೋಯ್ತು" ಅಂದರು. ಆಮೇಲೆ ಅರ್ಧ ಮೈಲಿ ಜೊತೆಗೇ ನಡೆದು ಹಳೇ ಹಳ್ಳದ ತಿರುವು ತೋರಿಸಿದರು. ಆ ತಿರುವು ಇಲ್ಲದಿದ್ದರೆ ಮೇಲಿನ ಅರ್ಧ ದಾರಿ ಕೂಡುತ್ತಲೇ ಇರಲಿಲ್ಲ.

ಈ ಕಡೆ ಹೊಳೆ ಅಂದರೆ ಕೆರೆಗಳ ಸಾಲು. ಮೇಲಿನ ಕೆರೆ ತುಂಬಿದರೆ ಕೋಡಿ ಬೀಳುತ್ತೆ, ಆ ನೀರು ಕೆಳಗಿನ ಕೆರೆಗೆ. ಹಾಗಾಗಿ ಹೊಳೆ ಹುಡುಕುವ ಬದಲು ಕೋಡಿ ಹುಡುಕಿ. ಹಿನ್ನೀರಿನ ಕಡೆಯಿಂದ ಕೆರೆ ಬಳಸಿ ಬನ್ನಿ, ಏರಿ ಹತ್ತಿ, ತೂಬು ದಾಟಿ, ಕೋಡಿ ಇರುವ ತುದಿಯಲ್ಲಿ ಇಳಿಯಿರಿ. ಕೋಡಿ ಎಡಕ್ಕೋ ಬಲಕ್ಕೋ ಅಂತ ಮೊದಲೇ ನೋಡಿಕೊಂಡರೆ ತಪ್ಪು ದಂಡೆ ಹಿಡಿದು ಸುತ್ತೋದು ತಪ್ಪುತ್ತೆ. ಕೋಡಿಯ ಕೆಳಗೆ ದನ ತುಳಿದು ಮಾಡಿದ ದಾರಿ ಇದ್ದೇ ಇರುತ್ತೆ, ಹೊಂಗೆ ನೆರಳೂ ಇರುತ್ತೆ. ಎರಡು ಕೆರೆಯ ನಡುವೆ ನೀಲಗಿರಿ ತೋಪು ಸಿಕ್ಕರೆ ಅದೃಷ್ಟ. ನೀಲಗಿರಿ ಈ ಸೀಮೆಯ ನೀರಿಗೆ ಒಳ್ಳೆಯದು ಮಾಡಲಿಲ್ಲ, ಅದನ್ನು ಬೇಜಾರಿನಿಂದಲೇ ಹೇಳುತ್ತೇನೆ. ಆದರೆ ತೋಪಿನ ಒಳಗಿನ ಕೆಂಪು ಮಣ್ಣಿನ ದಾರಿ ಇದೆಯಲ್ಲ, ಅಂಥ ಸಿಂಗಲ್ ಟ್ರ್ಯಾಕ್ (ಒಂದೇ ಸೈಕಲ್ ಹೋಗುವಷ್ಟು ಕಿರಿದಾದ ದಾರಿ) ಬೆಂಗಳೂರಿನ ಸುತ್ತ ನಾನು ಬೇರೆಲ್ಲೂ ಕಂಡಿಲ್ಲ. ಅವುಗಳಲ್ಲಿ ಒಂದನ್ನು, ದೊಡ್ಡಬಳ್ಳಾಪುರದ ನಾಗರಕೆರೆಗಿಂತ ಮೇಲಿರುವುದನ್ನು, ಎಲ್ಲಿದೆ ಅಂತ ಇಲ್ಲಿ ಹೇಳಲ್ಲ. ಜಾಸ್ತಿ ಜನ ನುಗ್ಗಿದರೆ ಹಾಳಾಗುತ್ತೆ. ಗ್ರಾಮ ನಕ್ಷೆ ನೋಡುವ ತಾಳ್ಮೆ ಇದ್ದವರಿಗೆ ತಾನಾಗೇ ಸಿಗುತ್ತೆ.

ಇನ್ನು ದ್ರಾಕ್ಷಿ ತೋಟ. ತಿನ್ನುವ ಹಣ್ಣಿನ ತೋಟಕ್ಕೂ ವೈನ್ ತೋಟಕ್ಕೂ ಸೈಕಲ್ ಮೇಲೆ ತುಂಬಾ ವ್ಯತ್ಯಾಸ. ಬೆಂಗಳೂರು ಬ್ಲೂ, ದಿಲ್‌ಖುಷ್ ಎಲ್ಲ ಕಲ್ಲು ಕಂಬದ ಚಪ್ಪರದ ಮೇಲೆ. ಕೆಳಗೆ ಕತ್ತಲು, ತಂಪು. ರಘುನಾಥಹಳ್ಳಿ ಕಡೆ ಗ್ರೋವರ್ ಅವರ ವೈನ್ ತೋಟದಲ್ಲಿ ಬಳ್ಳಿ ತಂತಿ ಸಾಲಿನಲ್ಲಿ ನಿಂತಿರುತ್ತೆ. ಕ್ಯಾಬರ್ನೆ, ಶಿರಾಜ್ ಇಂಥವು. ಸಾಲಿನ ಉದ್ದಕ್ಕೂ ಕಣ್ಣು ಹೋಗುತ್ತೆ, ಹಿಂದೆ ನಂದಿ ಬೆಟ್ಟ ಕಾಣುತ್ತೆ. ತೊಂಬತ್ತರ ದಶಕದಲ್ಲೇ ಫ್ರಾನ್ಸಿನ ವೈನ್ ತಜ್ಞ ಮಿಶೆಲ್ ರೋಲಾನ್ ಇಲ್ಲಿಗೆ ಸಲಹೆಗಾರರಾಗಿ ಬಂದಿದ್ದರು ಅಂದರೆ ಈ ಮಣ್ಣಿನ ಬೆಲೆ ಯೋಚಿಸಿ. ಅದು ಖಾಸಗಿ ತೋಟ, ಒಳಗೆ ಸೈಕಲ್ ನುಗ್ಗಿಸುವಂತಿಲ್ಲ. ಹೊರಗಿನ ದಾರಿಯಲ್ಲೇ ನೋಡಲು ಬೇಕಾದಷ್ಟಿದೆ. ಒಳಗೆ ಹೋಗಬೇಕಾದರೆ ವೈನರಿ ನೋಡಲು ಮೊದಲೇ ಬುಕ್ ಮಾಡಿ.

ಚಪ್ಪರದ ತೋಟದ ಅಂಚಿನಲ್ಲಿ ಒಂದು ಅಪಾಯ ಇದೆ, ಇದನ್ನು ಯಾರೂ ಹೇಳಲ್ಲ. ಚಪ್ಪರದ ಭಾರ ಎಳೆದು ಹಿಡಿಯಲು ಕೊನೆಯ ಕಂಬದ ತಲೆಯಿಂದ ಜಿಐ (ಸತುವಿನ ಲೇಪದ ಕಬ್ಬಿಣದ) ತಂತಿ ಓರೆಯಾಗಿ ಇಳಿದು, ನೆಲದಲ್ಲಿ ಹೂತ ಕಲ್ಲಿಗೆ ಕಟ್ಟಿರುತ್ತೆ. ಬದುವಿನ ದಾರಿಗೆ ಸರಿಯಾಗಿ ಚಾಚಿಕೊಂಡಿರುತ್ತೆ. ಹಳೆಯದಾದ ತಂತಿ ಬೂದು ಬಣ್ಣಕ್ಕೆ ತಿರುಗಿರುತ್ತೆ, ಸಂಜೆ ಬೆಳಕಿನಲ್ಲಿ ಕಾಣೋದೇ ಇಲ್ಲ. ಮೊದಲು ಸಿಗೋದು ಹ್ಯಾಂಡಲ್‌ಗೆ, ಆಮೇಲೆ ಕುತ್ತಿಗೆಗೆ. ತೋಟದ ಮೂಲೆ ಬಂದರೆ ವೇಗ ಇಳಿಸಿ. ಕಂಬ ನೋಡಬೇಡಿ, ನೆಲದಲ್ಲಿರುವ ಕಲ್ಲು ಹುಡುಕಿ.

ಇನ್ನೊಂದು, ಅಕ್ಟೋಬರ್ ಕಟಿಂಗ್ ಆದ ಮೇಲೆ ಚಿಗುರು ಒಡೆಸಲು ಹೈಡ್ರೋಜನ್ ಸಯನಮೈಡ್ ಹಚ್ಚುತ್ತಾರೆ. ಆ ವಾರ ಚಪ್ಪರದ ಹತ್ತಿರ ಹೋಗಲೇಬೇಡಿ. ಅದು ಮೈಗೆ ತಾಗಿದ ಮೇಲೆ ಹೆಂಡ, ವೈನ್ ಏನೇ ಕುಡಿದರೂ ಮುಖ ಕೆಂಪಾಗಿ ಎದೆ ಡವಡವ ಹೊಡೆದುಕೊಳ್ಳುತ್ತೆ. ವೈನ್ ಸೀಮೆಗೆ ಬರುವವರಿಗೆ ಇದು ಗೊತ್ತಿರಬೇಕು ಅಲ್ವಾ. ನಾನು ಡಿಸೆಂಬರ್‌ನಿಂದ ಮಾರ್ಚ್ ಮಧ್ಯದವರೆಗೆ ಮಾತ್ರ ಹೋಗುತ್ತೇನೆ. ಫೆಬ್ರವರಿ, ಮಾರ್ಚ್‌ನಲ್ಲಿ ಕೊಯ್ಲು ಇರುತ್ತೆ, ತೋಟದ ತುಂಬ ಜನ. ಮಳೆಗಾಲದಲ್ಲಿ ಕೆಂಪು ಮಣ್ಣು ಫೋರ್ಕಿಗೆ ಮೆತ್ತಿಕೊಂಡು ಚಕ್ರವೇ ತಿರುಗಲ್ಲ.

ಒಣ ತಿಂಗಳಲ್ಲೇ ಮುಳ್ಳಿನ ಕಾಟ ಜಾಸ್ತಿ. ಜಾಲಿಗಿಂತ ನೆಗ್ಗಿಲು ಕೆಟ್ಟದ್ದು. ಕೈಯಲ್ಲಿ ಹಿಡಿದು ನೋಡಿ. ಹೇಗೆ ಬಿಸಾಡಿದರೂ ಒಂದು ಕೊಂಬು ಮೇಲಕ್ಕೇ ನಿಲ್ಲುತ್ತೆ. ದಪ್ಪ ಟ್ಯೂಬ್ ಹಾಕಿದೆ, ಚಕ್ರ ಕಲ್ಲಿನಷ್ಟು ಭಾರವಾಯಿತು, ಪಂಕ್ಚರ್ ನಿಲ್ಲಲಿಲ್ಲ. ಟೈರ್ ಒಳಗೆ ಪ್ಲಾಸ್ಟಿಕ್ ಪಟ್ಟಿ ಹಾಕಿದೆ, ಅದರ ಅಂಚೇ ಟ್ಯೂಬ್ ಕೊರೆದು ಹಾಕಿತು. ಟ್ಯೂಬ್, ಪ್ಯಾಚ್ ಅಂತ ಒಂದು ಸೀಸನ್‌ಗೆ ನಾಲ್ಕೈದು ಸಾವಿರ ಸುಮ್ನೆ ಕರಗಿತು. ಟ್ಯೂಬ್‌ಲೆಸ್ ಮಾಡುತ್ತೇನೆ ಅಂದಾಗ ಅಂಗಡಿಯವನು "ಈ ರಿಮ್‌ಗೆ ಆಗಲ್ಲ, ಹೊಸ ವೀಲ್‌ಸೆಟ್ ತಗೊಳ್ಳಿ" ಅಂದ. ಮೂವತ್ತು ಸಾವಿರದ ಮಾತು. ನಾನು ಹಳೇ ರಿಮ್‌ಗೇ ಟೇಪ್ ಎರಡು ಸುತ್ತು ಬಿಗಿಯಾಗಿ ಎಳೆದು, ವಾಲ್ವ್ ಹಾಕಿ, ಟ್ಯೂಬ್‌ಲೆಸ್ ರೆಡಿ ಟೈರ್ ಕೂರಿಸಿದೆ. ಕೈ ಪಂಪಿಗೆ ಬೀಡ್, ಅಂದರೆ ಟೈರಿನ ಅಂಚು, ರಿಮ್ ಮೇಲೆ ಏರಲಿಲ್ಲ. ಪೆಟ್ರೋಲ್ ಬಂಕಿನ ಗಾಳಿಗೆ ಅಡಾಪ್ಟರ್ ಹಾಕಿ, ಸೋಪಿನ ನೀರು ಸವರಿ, ವಾಲ್ವ್ ಕೋರ್ ತೆಗೆದು ಬಿಟ್ಟರೆ ಟಪ್ ಟಪ್ ಅಂತ ಕೂತಿತು. ಟೈರ್, ಟೇಪ್, ತೂತು ಮುಚ್ಚುವ ದ್ರವ ಸೀಲೆಂಟ್ ಎಲ್ಲ ಸೇರಿ ಹತ್ತು ಸಾವಿರದೊಳಗೆ.

29 ಇಂಚಿನ 2.25 ಟೈರಿಗೆ ಮುಂದೆ 22, ಹಿಂದೆ 25 ಪಿಎಸ್‌ಐ ಇಡುತ್ತೇನೆ. ನನ್ನ ತೂಕ ಎಪ್ಪತ್ತರ ಮೇಲಿದೆ, ನೀವು ನೋಡಿಕೊಂಡು ಹೊಂದಿಸಿ. ಸೀಲೆಂಟ್ ಒಂದು ಚಕ್ರಕ್ಕೆ 100 ಮಿಲಿಗಿಂತ ಸ್ವಲ್ಪ ಜಾಸ್ತಿ. ನಮ್ಮ ಬಿಸಿಲಿಗೆ ಎರಡು ಮೂರು ತಿಂಗಳಲ್ಲಿ ಒಣಗುತ್ತೆ. ಅದಕ್ಕೆ ನಾನು ಒಂದು ಪುಡಿ ಬೆರೆಸುತ್ತೇನೆ, ಅದು ಏನು ಅಂತ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಮುಳ್ಳು ಕಿತ್ತ ಕೂಡಲೇ ತೂತು ಕೆಳಕ್ಕೆ ಬರುವಂತೆ ಚಕ್ರ ತಿರುಗಿಸಿ. ಬಿಳಿ ಹಾಲು ಗುಳುಗುಳು ಅಂದು ನಾಲ್ಕು ಎಣಿಸುವಷ್ಟರಲ್ಲಿ ನಿಲ್ಲುತ್ತೆ. ಹೋದ ಸೀಸನ್ ಪೂರ್ತಿ ನಾನು ದಾರಿಯಲ್ಲಿ ಟ್ಯೂಬ್ ಹಾಕಿಲ್ಲ. ಇದನ್ನು ಆ ಅಂಗಡಿಯವನಿಗೂ ಹೋಗಿ ತೋರಿಸಿ ಬಂದೆ.

ಬಾಟಲಿ ಸಾಗಿಸುವ ಪ್ರಯೋಗವನ್ನೂ ಮಾಡಿದೆ. ತುಂಬಿದ ಒಂದು ವೈನ್ ಬಾಟಲಿ ಒಂದೂಕಾಲು ಕಿಲೋ ತೂಗುತ್ತೆ. ಫ್ರೇಮಿನ ಕೇಜಿನಲ್ಲಿ ಇಟ್ಟರೆ ಏರಿ ಇಳಿಯುವಾಗ ಹಾರುತ್ತೆ. ಬ್ಯಾಗಿನಲ್ಲಿ ಒದ್ದೆ ಟವೆಲ್ ಸುತ್ತಿ, ಬೆನ್ನಿಗೆ ಅಂಟುವ ಹಾಗೆ ನಿಲ್ಲಿಸಿ ಇಟ್ಟರೆ ಪರವಾಗಿಲ್ಲ. ಕುಡಿಯೋದು ಮನೆಗೆ ಹೋದ ಮೇಲೆ ಮಾತ್ರ. ಹಣ್ಣು ತರುವುದಾದರೆ ಬೆಂಗಳೂರು ಬ್ಲೂ ತನ್ನಿ. ಸಿಪ್ಪೆ ದಪ್ಪ, ಕುಲುಕಿದರೂ ತಡೆಯುತ್ತೆ. 2013ರಲ್ಲಿ ಜಿಐ (ಭೌಗೋಳಿಕ ಸೂಚ್ಯಂಕ) ಮಾನ್ಯತೆ ಸಿಕ್ಕ ಹಣ್ಣು ಅದು. ದಿಲ್‌ಖುಷ್ ಅರ್ಧ ದಾರಿಯಲ್ಲೇ ರಸವಾಗುತ್ತೆ.

ಪಿನಾಕಿನಿ ಕಡೆಗೂ ಇದೇ ರೀತಿ ಹೋಗಿ ನೋಡಿದೆ. ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ಎಚ್‌ಎನ್ ವ್ಯಾಲಿ (ಹೆಬ್ಬಾಳ-ನಾಗವಾರ ಕಣಿವೆ) ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಬರುತ್ತೆ. ಹಿಂದೆ ಒಣಗಿದ್ದ ಕೆರೆ ಅಂಗಳದಲ್ಲಿ ಅಡ್ಡ ಹಾಯುತ್ತಿದ್ದವರು ಈಗ ಬಳಸಿಯೇ ಹೋಗಬೇಕು. ಆ ಕಡೆಯ ದಾರಿ ಇನ್ನೂ ಪೂರ್ತಿ ಕೂಡಿಲ್ಲ.

ಮತ್ತೆ ಅರ್ಕಾವತಿ ಜಾಡಿಗೆ ಬಂದರೆ, ದೊಡ್ಡಬಳ್ಳಾಪುರ ದಾಟಿದ ಮೇಲೆ ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆ ಸಿಗುತ್ತೆ. ಅಲ್ಲಿ ಪಟ್ಟಣದ ಕೊಳಚೆ ಸೇರುತ್ತೆ. ಆ ಊರಿನವರು ವರ್ಷಗಳಿಂದ ಹೋರಾಡುತ್ತಿದ್ದಾರೆ, ನ್ಯಾಯ ಅವರ ಕಡೆಗಿದೆ. ಅಲ್ಲಿ ನೀರಿಗೆ ಇಳಿಯಬೇಡಿ, ಮುಖವನ್ನೂ ತೊಳೆಯಬೇಡಿ. ಕುಡಿಯುವ ನೀರು ಮೊದಲೇ ಮೂರು ಲೀಟರ್ ಇರಲಿ. ಕಾಕೋಳು, ಬ್ಯಾತ ಕೆರೆಗಳ ಹೊತ್ತಿಗೆ ದಾರಿ ಮತ್ತೆ ಚೆನ್ನಾಗಾಗುತ್ತೆ. ಹೆಸರಘಟ್ಟದಲ್ಲಿ ಹುಲ್ಲುಗಾವಲಿಗೆ ಮಾತ್ರ ಚಕ್ರ ಇಳಿಸಬೇಡಿ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳು ಅಲ್ಲಿವೆ. ಅಂಚಿನ ಗಾಡಿದಾರಿ ಹಿಡಿದರೆ ಕೆರೆಗೆ ಕಾಲು ಗಂಟೆ ಜಾಸ್ತಿ ಆಗುತ್ತೆ ಅಷ್ಟೇ. ಬೆಳಿಗ್ಗೆ ಆರಕ್ಕೆ ನಂದಿ ಬಿಟ್ಟರೆ ಮಧ್ಯಾಹ್ನ ಎರಡರೊಳಗೆ ಹೆಸರಘಟ್ಟದಲ್ಲಿ ಊಟಕ್ಕೆ ಕೂರಬಹುದು.