ಬ್ರಿಟನ್ನಿನಲ್ಲಿ ಕಿಡ್ನಿ ಕಾಯಿಲೆಗೆ ವ್ಯಾಯಾಮ: ಜಿಪಿಯಿಂದ ಜಿಮ್‌ವರೆಗೆ

ಜಯನಗರದಲ್ಲಾದರೆ ಫೋನ್ ಮಾಡಿ ನೇರವಾಗಿ ನೆಫ್ರಾಲಜಿಸ್ಟ್ (ಕಿಡ್ನಿ ತಜ್ಞರ) ಹತ್ತಿರ ಹೋಗಬಹುದು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಮೊದಲು ಮನೆ ಹತ್ತಿರದ ಜಿಪಿ, ಅಂದರೆ ಕುಟುಂಬ ವೈದ್ಯರ ಕ್ಲಿನಿಕ್‌ನಲ್ಲಿ ನೋಂದಾಯಿಸಿಕೊಳ್ಳಬೇಕು, ಅದು ಉಚಿತ. ಇಂಗ್ಲೆಂಡಿಗೆ ವಿಸಿಟ್ ವೀಸಾದಲ್ಲಿ ಬಂದ ಅಪ್ಪ-ಅಮ್ಮನಿಗೂ ಜಿಪಿ ಸಮಾಲೋಚನೆಗೆ ಹಣ ಕೊಡಬೇಕಿಲ್ಲ. ಆದರೆ ಆಸ್ಪತ್ರೆಯ ಕಿಡ್ನಿ ವಿಭಾಗ, ಡಯಾಲಿಸಿಸ್ ಎಂದರೆ ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು ಬಿಲ್ ಬರುತ್ತದೆ.

ಬೆಂಗಳೂರಿನ ರಿಪೋರ್ಟ್ ಜೊತೆಗಿರಲಿ, ಆದರೆ ಬ್ರಿಟನ್ನಿನ ರಿಪೋರ್ಟ್‌ನ ಅಂಕಿಗಳಿಗೆ ಗಾಬರಿಯಾಗಬೇಡಿ. ಇಲ್ಲಿ 1.4 ಇದ್ದ ಕ್ರಿಯಾಟಿನಿನ್ (ಕಿಡ್ನಿ ಸೋಸಬೇಕಾದ, ರಕ್ತದಲ್ಲಿನ ತ್ಯಾಜ್ಯ) ಅಲ್ಲಿ 124 ಆಗುತ್ತದೆ: ಮಾಪನ ಬೇರೆ, 88.4ರಿಂದ ಗುಣಿಸಿ. ಮೂತ್ರದಲ್ಲಿ ಪ್ರೋಟೀನ್ ಸೋರಿಕೆಯನ್ನು ಅಳೆಯುವ ಎಸಿಆರ್ ನಮ್ಮ 30 ಅಂದರೆ ಅವರ ಸುಮಾರು 3.

ವ್ಯಾಯಾಮದ ವ್ಯವಸ್ಥೆಯನ್ನು ಜಿಪಿ ತಾವಾಗಿ ಹೇಳದೆಯೂ ಇರಬಹುದು. 'ಎಕ್ಸರ್‌ಸೈಜ್ ರೆಫರಲ್', ಅಂದರೆ ವ್ಯಾಯಾಮಕ್ಕೆ ಶಿಫಾರಸು ಮಾಡಿ ಕಳಿಸುವ ವ್ಯವಸ್ಥೆ, ಇದೆಯೇ ಎಂದು ನೀವೇ ಕೇಳಿ. ಇದ್ದ ಕಡೆ, ಸಾಮಾನ್ಯವಾಗಿ 12 ವಾರ ಕೌನ್ಸಿಲ್‌ನ (ಸ್ಥಳೀಯ ಆಡಳಿತದ) ಲೆಷರ್ ಸೆಂಟರ್ ಎಂಬ ಜಿಮ್, ಕ್ರೀಡಾ ಕೇಂದ್ರದಲ್ಲಿ ತರಬೇತಿ ಪಡೆದ ಬೋಧಕರ ಜೊತೆ, ರಿಯಾಯಿತಿ ದರದಲ್ಲಿ. ಎಲ್ಲ ಊರಲ್ಲೂ ಇಲ್ಲ. ಕಿಡ್ನಿ ರೋಗಿಗಳಿಗೆಂದೇ ರೂಪಿಸಿದ 'ಕಿಡ್ನಿ ಬೀಮ್' ಎಂಬ ಆನ್‌ಲೈನ್ ತರಗತಿಗಳ ಬಗ್ಗೆ ಕಿಡ್ನಿ ಕ್ಲಿನಿಕ್‌ನಲ್ಲಿ ವಿಚಾರಿಸಿ. ಚಳಿಗಾಲದಲ್ಲಿ ನಾಲ್ಕಕ್ಕೇ ಕತ್ತಲಾಗುವ ಊರಲ್ಲಿ ಲಾಲ್‌ಬಾಗ್ ವಾಕಿಂಗ್‌ನ ಅಭ್ಯಾಸ ಉಳಿಯುವುದು ಕಷ್ಟ, ಹಾಗಾಗಿ ಮನೆಯೊಳಗಿನ ದಾರಿಯೇ ವಾಸಿ.

ಗುರಿ ವಾರಕ್ಕೆ 150 ನಿಮಿಷ, ಜೊತೆಗೆ ಎರಡು ದಿನ ಸ್ನಾಯು ಬಲದ ವ್ಯಾಯಾಮ. 10 ನಿಮಿಷದಿಂದ ಶುರು ಮಾಡಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದನ್ನು 8–10 ಬಾರಿ ಮಾಡಿದರೂ ತೊಡೆಗೆ ಬಲ ಬರುತ್ತದೆ. ಬಿಪಿ 180/100 ದಾಟಿದ ದಿನ, ಜ್ವರ ಬಂದ ದಿನ, ಎದೆ ನೋವಿದ್ದಾಗ ಬೇಡ. ಇನ್ಸುಲಿನ್ ಅಥವಾ ಗ್ಲಿಕ್ಲಜೈಡ್ ಎಂಬ ಶುಗರ್ ಮಾತ್ರೆ ತೆಗೆದುಕೊಳ್ಳುವವರಿಗೆ ವ್ಯಾಯಾಮದ ನಂತರ ಶುಗರ್ ಇಳಿಯಬಹುದು.

ಡಯಾಲಿಸಿಸ್‌ನಲ್ಲಿರುವವರಿಗೆ ಕೆಲವು ಘಟಕಗಳಲ್ಲಿ ಚಿಕಿತ್ಸೆ ನಡೆಯುವಾಗಲೇ ಮಲಗಿ ತುಳಿಯುವ ಹಾಸಿಗೆಯ ಸೈಕಲ್ ಇರುತ್ತದೆ. ಮೊದಲ ಎರಡು ಗಂಟೆಯೊಳಗೆ ತುಳಿಯುವುದು ವಾಡಿಕೆ. ಆಮೇಲೆ ಮೈಯಿಂದ ನೀರು ತೆಗೆದಂತೆಲ್ಲ ಬಿಪಿ ಕುಸಿಯಬಹುದು. ಸೂಜಿ ಇರುವಾಗ ಫಿಸ್ಟುಲಾ (ಡಯಾಲಿಸಿಸ್‌ಗೆಂದು ರಕ್ತನಾಳ ಜೋಡಿಸಿದ ಜಾಗ) ಇರುವ ಕೈ ಅಲ್ಲಾಡಿಸಬಾರದು.

ಮೈಕೈ ನೋವಿಗೆ ಸೂಪರ್‌ಮಾರ್ಕೆಟ್‌ನಲ್ಲಿ ಅಗ್ಗಕ್ಕೆ ಸಿಗುವ ಐಬುಪ್ರೊಫೆನ್ ಕಿಡ್ನಿಗೆ ಪೆಟ್ಟು ಕೊಡಬಹುದು, ಪ್ಯಾರಾಸಿಟಮಾಲ್ ಸಾಕು. ಜಿಮ್‌ನವರು ಕೊಡುವ ಕ್ರಿಯಾಟಿನ್ ಎಂಬ ಸ್ನಾಯು ಬೆಳೆಸುವ ಪುಡಿ ಬೇಡ: ರಿಪೋರ್ಟ್‌ನಲ್ಲಿ ಕ್ರಿಯಾಟಿನಿನ್ ಏರಿ ದಾರಿ ತಪ್ಪಿಸುತ್ತದೆ. ರಕ್ತಪರೀಕ್ಷೆಗೆ 12 ಗಂಟೆ ಮೊದಲಿನಿಂದ ಮಾಂಸ ಬಿಡಿ, ಹಿಂದಿನ ದಿನ ಜೋರು ವ್ಯಾಯಾಮವೂ ಬೇಡ. ಜೋರು ವ್ಯಾಯಾಮದಿಂದ ಮೂತ್ರಪರೀಕ್ಷೆಯಲ್ಲಿ ಪ್ರೋಟೀನ್ ಸುಳ್ಳೇ ಹೆಚ್ಚಾಗಿ ಕಾಣಬಹುದು.