ಅಜ್ಜನ ಹೆಸರು ಪಟ್ಟಿಯಲ್ಲಿದೆಯೇ?

ಅಮೆರಿಕದಿಂದ ರಜೆಗೆಂದು ದಾವಣಗೆರೆಗೆ ಬಂದಿದ್ದೇನೆ. ನಿನ್ನೆ ವಿದ್ಯಾನಗರದ ನಮ್ಮ ಮನೆಗೆ ಪಕ್ಕದ ಬೀದಿಯ ನಿವೃತ್ತ ಮೇಷ್ಟರು ಬಂದಿದ್ದರು. ಮುಂದಿನ ತಿಂಗಳು ಮಗಳ ಮನೆಗೆ ನ್ಯೂಜೆರ್ಸಿಗೆ ಹೊರಟಿದ್ದಾರೆ. "ಮೊಮ್ಮಗನನ್ನು ಸ್ಕೂಲಿನಿಂದ ಕರೆತರುವ ಕೆಲಸ ನನ್ನದೇ" ಎಂದು ಹಿಗ್ಗಿನಿಂದ ಹೇಳಿದರು. ನಾನು ಕೇಳಿದ್ದು ಒಂದೇ: "ನಿಮ್ಮ ಹೆಸರು ಶಾಲೆಯ ಪಟ್ಟಿಯಲ್ಲಿದೆಯೇ ಮೇಷ್ಟ್ರೇ?"

ಕೇಳಲು ಕಾರಣವಿದೆ. ಎರಡು ವರ್ಷದ ಹಿಂದೆ ನನ್ನ ಅಪ್ಪ ಮಳೆಯಲ್ಲಿ ಕೊಡೆ ಹಿಡಿದು ಅಲ್ಲಿನ ಶಾಲೆಯೊಂದರ ಗಾಜಿನ ಬಾಗಿಲ ಮುಂದೆ ನಿಂತಿದ್ದರು. ಒಳಗಿನಿಂದ ಮೊಮ್ಮಗಳು "ತಾತಾ" ಎಂದು ಕೈಬೀಸುತ್ತಿದ್ದಳು. ಆದರೂ ಬಾಗಿಲು ತೆರೆಯಲಿಲ್ಲ. ತುರ್ತು ಸಂಪರ್ಕದ ಪಟ್ಟಿಗೆ ಅವರ ಹೆಸರನ್ನು ನಾನು ಸೇರಿಸಿರಲಿಲ್ಲ. ಕಚೇರಿಯ ಹೆಂಗಸು ಮಾಡಿದ್ದು ಸರಿ, ತಪ್ಪು ನನ್ನದು. ನಮ್ಮೂರಿನಲ್ಲಿ ಮುಖ ನೋಡಿ ಮಗುವನ್ನು ಕಳುಹಿಸುತ್ತಾರೆ. ಅಲ್ಲಿ ಪಟ್ಟಿಯಲ್ಲಿ ಹೆಸರಿರಬೇಕು, ಕೈಯಲ್ಲಿ ಫೋಟೊ ಇರುವ ಗುರುತಿನ ಚೀಟಿ ಇರಬೇಕು. ಅಪಾಯ ಒದಗಿ ಮಕ್ಕಳನ್ನು ಬೇರೆ ಕಟ್ಟಡಕ್ಕೆ ಸಾಗಿಸಿದ ದಿನವಂತೂ ಇವೆರಡೂ ಇಲ್ಲದೆ ಯಾರ ಕೈಗೂ ಮಗುವನ್ನು ಒಪ್ಪಿಸುವುದಿಲ್ಲ.

ಇನ್ನು ಶಾಲೆಯಿಂದ ಬರುವ ಸಂದೇಶಗಳ ಮಾತು. 'ಲಾಕ್‌ಡೌನ್' ಎಂದರೆ ನಮಗೆ 2020ರ ಕೊರೋನಾ ನೆನಪಾಗುತ್ತದೆ. ಅಲ್ಲಿ ಅದರ ಅರ್ಥ, ಅಪಾಯ ಶಾಲೆಯ ಒಳಗೇ ಇದೆ ಎಂದು: ಕೋಣೆಗೆ ಬೀಗ, ದೀಪ ಬಂದ್, ಮಕ್ಕಳು ಕಿಟಕಿಗೆ ಕಾಣದ ಮೂಲೆಯಲ್ಲಿ ಸದ್ದಿಲ್ಲದೆ ಕೂರಬೇಕು. 'ಸೆಕ್ಯೂರ್' ಎಂದರೆ ಅಪಾಯ ಹೊರಗಿದೆ. ಹೊರಬಾಗಿಲು ಭದ್ರ, ಒಳಗೆ ಪಾಠ ಎಂದಿನಂತೆ. 'ಹೋಲ್ಡ್' ಬಂದರೆ ಗಾಬರಿ ಬೇಡ, ಯಾರಿಗೋ ಆರೋಗ್ಯ ಕೆಟ್ಟು, ಕಾರಿಡಾರ್ ಖಾಲಿ ಇರಲಿ ಎಂದು ಮಕ್ಕಳನ್ನು ಕೋಣೆಯಲ್ಲೇ ಇರಿಸಿರಬಹುದು. ಎಲ್ಲ ಶಾಲೆಗಳೂ ಇದೇ ಪದಗಳನ್ನು ಬಳಸುವುದಿಲ್ಲ. ಸೇರಿದ ವಾರವೇ ನಿಮ್ಮ ಶಾಲೆಯ ಪದಗಳನ್ನು ಕೇಳಿಕೊಳ್ಳಿ. ಬೆಂಕಿಯ ಡ್ರಿಲ್, ಅಂದರೆ ಬೆಂಕಿ ಬಿದ್ದರೆ ಹೊರಬರುವ ಅಭ್ಯಾಸ, ಹಲವು ರಾಜ್ಯಗಳಲ್ಲಿ ತಿಂಗಳಿಗೊಮ್ಮೆ ನಡೆಯುತ್ತದೆ, ಅದಕ್ಕೆ ಮಕ್ಕಳು ಬೇಗ ಒಗ್ಗಿಕೊಳ್ಳುತ್ತಾರೆ.

ಲಾಕ್‌ಡೌನ್ ಡ್ರಿಲ್ ಹಾಗಲ್ಲ. ಒಂದನೇ ತರಗತಿಯಲ್ಲಿದ್ದ ನನ್ನ ಮಗಳು ಅಂದು ಸಂಜೆ ಹೇಳಿದಳು: "ನನ್ನ ಶೂ ಮಿನುಗುತ್ತದಲ್ಲ ಅಪ್ಪ, ಅದು ಕಾಣಬಾರದೆಂದು ಸ್ವೆಟರ್ ಮುಚ್ಚಿಕೊಂಡೆ." ಮಾರನೆಯ ದಿನವೇ ದೀಪವಿಲ್ಲದ ಶೂ ತಂದೆ. ಇಂಥ ಸಂಜೆ "ಏನೂ ಆಗುವುದಿಲ್ಲ ಬಿಡು" ಎಂದು ಮಾತು ತಿರುಗಿಸಬೇಡಿ. ಮಗು ಹೇಳುವುದನ್ನು ಪೂರ್ತಿ ಕೇಳಿ.

ನಿಜವಾದ ಲಾಕ್‌ಡೌನ್ ಆದಾಗ ಮಗುವಿನ ಮೊಬೈಲಿಗೆ ಕರೆ ಮಾಡಬೇಡಿ; ರಿಂಗಾದರೆ ಅಡಗಿದ ಜಾಗ ಗೊತ್ತಾಗುತ್ತದೆ. ಶಾಲೆಯತ್ತ ಓಡಲೂಬೇಡಿ, ನಿಮ್ಮ ಕಾರು ಆಂಬುಲೆನ್ಸಿಗೆ ಅಡ್ಡವಾದೀತು. ಹೆತ್ತ ಕರುಳಿಗೆ ಇದು ಕಷ್ಟವೆಂದು ಬಲ್ಲೆ.

ಇಲ್ಲಿ ಬಿ.ಇ. ಮುಗಿಸಿ ಎಂ.ಎಸ್.ಗೆ ಹೊರಡುವವರಿಗೂ ಒಂದು ಮಾತು. ಅಲ್ಲಿ ಕ್ಲೆರಿ ಕಾಯ್ದೆ ಎಂಬುದಿದೆ. 1986ರಲ್ಲಿ ಹಾಸ್ಟೆಲ್ ಕೋಣೆಯಲ್ಲೇ ಕೊಲೆಯಾದ ಜೀನ್ ಕ್ಲೆರಿ ಎಂಬ ವಿದ್ಯಾರ್ಥಿನಿಯ ಹೆಸರಿನದು, 1990ರಲ್ಲಿ ಬಂದದ್ದು. ಅಲ್ಲಿನ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಪಡೆಯುವ ಪ್ರತಿ ವಿಶ್ವವಿದ್ಯಾಲಯವೂ ಮೂರು ವರ್ಷಗಳ ಅಪರಾಧದ ಅಂಕಿಅಂಶವನ್ನು ವರ್ಷವರ್ಷ ಅಕ್ಟೋಬರ್ 1ರೊಳಗೆ ಪ್ರಕಟಿಸಬೇಕು. ಅರ್ಜಿ ಹಾಕುವ ಮೊದಲೇ ಅದನ್ನು ಓದಿ. ಅಲ್ಲಿನ ಸಿಮ್ ಸಿಕ್ಕ ದಿನವೇ ವಿಶ್ವವಿದ್ಯಾಲಯದ ದಾಖಲೆಯಲ್ಲಿ ನಂಬರ್ ಬದಲಿಸಿ. ಇಲ್ಲವಾದರೆ ತುರ್ತು ಎಚ್ಚರಿಕೆ ದಾವಣಗೆರೆಯ ಹಳೆಯ ನಂಬರಿಗೆ ಹೋಗುತ್ತದೆ. ಪೊಲೀಸ್, ಬೆಂಕಿ, ಆಂಬುಲೆನ್ಸ್ ಯಾವುದಕ್ಕಾದರೂ 911.

ಮೇಷ್ಟರು ಅಲ್ಲಿಂದಲೇ ಮಗಳಿಗೆ ಫೋನ್ ಮಾಡಿದರು. ಆಮೇಲೆ ಒಂದು ಅನುಮಾನ ಬಂತು: ಇಲ್ಲಿ ಅವರ ಹೆಸರಿನ ಮುಂದೆ ಇರುವುದು ಎರಡೇ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅವು ಊರಿನ ಹೆಸರೂ ತಂದೆಯ ಹೆಸರೂ ಆಗಿ ಬಿಡಿಸಿಕೊಂಡಿವೆ. "ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬರೆಸಿ" ಎಂದೆ. ಕಾಫಿ ಅರ್ಧಕ್ಕೇ ಬಿಟ್ಟು, ಅದನ್ನು ನೋಡಿ ಬರುತ್ತೇನೆಂದು ಮನೆಗೆ ನಡೆದರು.