ಗೇಮ್ ಕಟ್ಟುವ ಮುನ್ನ ಒಂದು ಚೆಂಡನ್ನು ಸರಿಯಾಗಿ ಹಾರಿಸಿ

ಒಬ್ಬ ವಿದ್ಯಾರ್ಥಿ ತಾನೇ ಬರೆದ ಗೇಮ್ ತಂದು ತೋರಿಸಿದ. ಅದರಲ್ಲಿನ ಪಾತ್ರ 1.3 ಮೀಟರ್ ಎತ್ತರದ ಗೋಡೆಯನ್ನು ಹಾರಿ ಹತ್ತಬೇಕು. ಅವನ ಹಳೆಯ ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಹತ್ತುತ್ತಿತ್ತು. ಗೆಳೆಯನ ಹೊಸ ಕಂಪ್ಯೂಟರಿನಲ್ಲಿ ಅದೇ ಗೇಮ್ ಓಡಿಸಿದರೆ ಕಾಲು ಗೋಡೆಯ ಅಂಚಿಗೆ ಬೆರಳಗಲ ಕೆಳಗೇ ನಿಂತು ಪಾತ್ರ ಕೆಳಕ್ಕೆ ಬೀಳುತ್ತಿತ್ತು. ಮೂರು ದಿನ ಅವನು ಗ್ರಾಫಿಕ್ಸ್ ಕಾರ್ಡನ್ನು ದೂರಿದ. ತಪ್ಪಿದ್ದದ್ದು ಎರಡೇ ಸಾಲಿನ ಭೌತಶಾಸ್ತ್ರದಲ್ಲಿ. ಇದೇ ಎಡವಟ್ಟನ್ನು ಬೇರೆ ಬೇರೆ ರೂಪದಲ್ಲಿ ಎಷ್ಟೋ ಜನ ಮಾಡುವುದನ್ನು ನೋಡಿದ್ದೇನೆ. ಗೇಮ್ ಮತ್ತು ಸಿಮ್ಯುಲೇಶನ್‌ಗೆ ಬೇಕಾದ ಗಣಿತವನ್ನು ಯಾವ ಕ್ರಮದಲ್ಲಿ ಕಲಿಯಬೇಕು, ಎಲ್ಲಿ ನಿಧಾನಿಸಬೇಕು ಎಂದು ಬರೆಯಲು ಕೂತದ್ದು ಅದಕ್ಕೇ.

ಮೊದಲು ಬೇಡದ್ದನ್ನು ಹೇಳಿಬಿಡುತ್ತೇನೆ. ದಪ್ಪ ಗಣಿತ ಪುಸ್ತಕವನ್ನು ಮೊದಲ ಪುಟದಿಂದ ಓದಲು ಹೋಗಬೇಡಿ. ಗೇಮ್ ಕಟ್ಟಲು ಸಿಗುವ ತಂತ್ರಾಂಶವಾದ ಎಂಜಿನ್‌ನ ಸಿದ್ಧ ಭೌತಶಾಸ್ತ್ರವನ್ನು ಹಚ್ಚಿಕೊಂಡು ಘರ್ಷಣೆ 0.3 ಇರಲೋ 0.7 ಇರಲೋ ಎಂದು ಅಂದಾಜಿನಲ್ಲಿ ತಿರುಗಿಸುತ್ತಲೂ ಕೂರಬೇಡಿ. ವಾರದೊಳಗೆ ಎಲ್ಲವನ್ನೂ ಕಲಿಸುತ್ತೇವೆ ಎನ್ನುವ ವಿಡಿಯೊ ಕೋರ್ಸುಗಳಿಗೆ ದುಡ್ಡು ಸುರಿಯಬೇಡಿ. ನಾನು ನೋಡಿದ ಹೆಚ್ಚಿನವು ಕೋಡ್ ಟೈಪ್ ಮಾಡಿಸುತ್ತವೆ, ಆ ಸಾಲು ಅಲ್ಲೇಕೆ ಬಂತೆಂದು ಹೇಳುವುದಿಲ್ಲ. ಒಂದು ಚುಕ್ಕೆ ಬಿಡಿಸಲು ಬರುವ ಯಾವುದಾದರೂ ಭಾಷೆ, ಒಂದು ನೋಟ್‌ಬುಕ್, ಪೆನ್ಸಿಲ್ ಇದ್ದರೆ ಸಾಕು.

ಹೆಜ್ಜೆ 1: ವೆಕ್ಟರ್

ಶಾಲೆಯಲ್ಲಿ ಸದಿಶ ಎಂದು ಓದಿದ, ಅಳತೆಯೂ ದಿಕ್ಕೂ ಇರುವ ರಾಶಿ ಇದೇ. ಸ್ಥಾನ, ವೇಗ, ಬಲ ಮೂರನ್ನೂ ವೆಕ್ಟರ್ ಆಗಿಯೇ ಬರೆಯುವ ಅಭ್ಯಾಸ ಮಾಡಿ. ಕೂಡುವುದು, ಕಳೆಯುವುದು, ಉದ್ದ ಕಂಡುಹಿಡಿಯುವುದು ಒಂದು ಸಂಜೆಯ ಕೆಲಸ.

ಆ ಸಂಜೆಯೇ ಒಂದು ಪ್ರಯೋಗ ಮಾಡಿ ನೋಡಿ. ಬಲಕ್ಕೆ ಮತ್ತು ಮೇಲಕ್ಕೆ ಹೋಗುವ ಕೀಗಳನ್ನು ಒಟ್ಟಿಗೆ ಒತ್ತಿದರೆ ಪಾತ್ರ ಓರೆಯಾಗಿ 1.41 ಪಟ್ಟು ವೇಗದಲ್ಲಿ ಓಡುತ್ತದೆ. ಪೈಥಾಗೊರಸ್ ಪ್ರಮೇಯ ಕಣ್ಣೆದುರೇ ಕೆಲಸ ಮಾಡುವುದು ಹೀಗೆ. ದಿಕ್ಕಿನ ವೆಕ್ಟರನ್ನು ಅದರ ಉದ್ದದಿಂದಲೇ ಭಾಗಿಸಿ ಉದ್ದ 1 ಮಾಡಿ, ಆಮೇಲೆ ವೇಗದಿಂದ ಗುಣಿಸಿ. ಯಾವ ಕೀಯನ್ನೂ ಒತ್ತದಿದ್ದಾಗ ಉದ್ದ ಸೊನ್ನೆಯಾಗಿರುತ್ತದೆ. ಆಗ ಭಾಗಿಸಿದರೆ ಪಾತ್ರ ಪರದೆಯಿಂದಲೇ ಮಾಯವಾಗುತ್ತದೆ, ಆದ್ದರಿಂದ ಮೊದಲು ಸೊನ್ನೆಯೇ ಎಂದು ನೋಡಿಕೊಳ್ಳಿ.

ಇದಾದ ಮೇಲೆ ಡಾಟ್ ಪ್ರಾಡಕ್ಟ್, ಅಂದರೆ ಎರಡು ವೆಕ್ಟರ್‌ಗಳ ಎಕ್ಸ್‌ಗೆ ಎಕ್ಸ್, ವೈಗೆ ವೈ ಗುಣಿಸಿ ಕೂಡಿದ ಸಂಖ್ಯೆ. ಕಾವಲುಗಾರ ನೋಡುತ್ತಿರುವ ದಿಕ್ಕು ಒಂದು ವೆಕ್ಟರ್, ಅವನಿಂದ ನಿಮ್ಮ ಪಾತ್ರದ ಕಡೆಗಿನ ದಿಕ್ಕು ಇನ್ನೊಂದು. ಎರಡರ ಉದ್ದವೂ 1 ಇದ್ದರೆ ಅವುಗಳ ಡಾಟ್ ಪ್ರಾಡಕ್ಟ್ ನಡುವಿನ ಕೋನದ ಕೊಸೈನ್. ಅದು 0.5ಕ್ಕಿಂತ ಹೆಚ್ಚಿದ್ದರೆ ಪಾತ್ರ 60 ಡಿಗ್ರಿಯೊಳಗಿದೆ, ಕಾವಲುಗಾರನ ಕಣ್ಣಿಗೆ ಬಿದ್ದಿದೆ. ಕೋನವನ್ನು ಲೆಕ್ಕ ಹಾಕುವ ಅಗತ್ಯವೇ ಇಲ್ಲ. ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಫಲ ಕೊಡುವ ಸೂತ್ರ ಈ ದಾರಿಯಲ್ಲಿ ಇನ್ನೊಂದಿಲ್ಲ.

ಹೆಜ್ಜೆ 2: ತ್ರಿಕೋನಮಿತಿ

ಸೈನ್, ಕೊಸೈನ್ ಮತ್ತು ಎರಡು ಸಂಖ್ಯೆಗಳಿಂದ ಕೋನ ಕೊಡುವ ಎಟ್ಯಾನ್‌2 ಸಾಕು. ಹೆಚ್ಚಿನ ಭಾಷೆಗಳಲ್ಲಿ ಕೋನ ರೇಡಿಯನ್‌ನಲ್ಲಿರುತ್ತದೆ, ಬಹಳಷ್ಟು ಪರದೆಗಳಲ್ಲಿ ವೈ ಅಕ್ಷ ಕೆಳಮುಖವಾಗಿರುತ್ತದೆ. ಇವೆರಡನ್ನು ಗೋಡೆಗೆ ಬರೆದು ಅಂಟಿಸಿಕೊಳ್ಳಿ.

ಹೆಜ್ಜೆ 3: ಕಾಲ

ಇಲ್ಲಿ ನಿಧಾನಿಸಿ. ಉಳಿದ ಎಲ್ಲಕ್ಕೂ ಸೇರಿ ಕೊಟ್ಟಷ್ಟು ಸಮಯವನ್ನು ಇದೊಂದಕ್ಕೇ ಕೊಡಿ.

ನ್ಯೂಟನ್ನನ ಪ್ರಪಂಚದಲ್ಲಿ ಕಾಲ ಎಡೆಬಿಡದೆ ಹರಿಯುತ್ತದೆ. ಕಂಪ್ಯೂಟರಿನಲ್ಲಿ ಅದು ತುಂಡು ತುಂಡಾಗಿ ಜಿಗಿಯುತ್ತದೆ. ಒಂದು ಜಿಗಿತದ ಅವಧಿಯನ್ನು ಡಿಟಿ ಎನ್ನೋಣ. ಆ ವಿದ್ಯಾರ್ಥಿ ಬರೆದದ್ದು ಹೀಗೆ:

ಸ್ಥಾನ = ಸ್ಥಾನ + ವೇಗ × ಡಿಟಿ
ವೇಗ = ವೇಗ + ವೇಗೋತ್ಕರ್ಷ × ಡಿಟಿ

ನೋಡಲು ಏನೂ ತಪ್ಪಿಲ್ಲ. ಈಗ ಪೆನ್ಸಿಲ್ ಹಿಡಿಯಿರಿ. ಚೆಂಡನ್ನು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಮೇಲಕ್ಕೆ ಎಸೆದಿದ್ದೀರಿ, ಲೆಕ್ಕದ ಅನುಕೂಲಕ್ಕೆ ಗುರುತ್ವ ವೇಗೋತ್ಕರ್ಷವನ್ನು 10 ಎಂದಿಟ್ಟುಕೊಳ್ಳಿ. ಪಠ್ಯಪುಸ್ತಕದ ಸೂತ್ರದಂತೆ ಚೆಂಡು ಏರುವ ಎತ್ತರ 1.25 ಮೀಟರ್. ಮೇಲಿನ ಎರಡು ಸಾಲನ್ನು ಸೆಕೆಂಡಿಗೆ 30 ಬಾರಿ ಓಡಿಸಿದರೆ 1.33 ಮೀಟರ್ ಬರುತ್ತದೆ, 60 ಬಾರಿ ಓಡಿಸಿದರೆ 1.29. ಗೋಡೆ 1.3 ಮೀಟರ್ ಇತ್ತಲ್ಲ! ಹಳೆಯ ಲ್ಯಾಪ್‌ಟಾಪ್ ಸೆಕೆಂಡಿಗೆ 30 ಫ್ರೇಮ್, ಅಂದರೆ 30 ಚಿತ್ರ ಓಡಿಸುತ್ತಿತ್ತು, ಗೆಳೆಯನದು 60. ನಿಜದ ಲೆಕ್ಕದಲ್ಲಿ ಆ ಗೋಡೆಯನ್ನು ಎರಡರಲ್ಲೂ ಹತ್ತಲಾಗಬಾರದಿತ್ತು.

ಮೊದಲ ಸಾಲು ಹಳೆಯ ವೇಗವನ್ನು ಬಳಸುತ್ತದೆ. ಮೇಲೇರುವ ಚೆಂಡು ಕ್ಷಣಕ್ಷಣಕ್ಕೂ ನಿಧಾನವಾಗುತ್ತಿರುತ್ತದೆ, ಕೋಡ್ ಮಾತ್ರ ಅದು ಜಿಗಿತದುದ್ದಕ್ಕೂ ಹಳೆಯ ವೇಗದಲ್ಲೇ ಇತ್ತು ಎಂದುಕೊಳ್ಳುತ್ತದೆ. ಜಿಗಿತ ದೊಡ್ಡದಾದಷ್ಟೂ ಈ ತಪ್ಪೆಣಿಕೆ ದೊಡ್ಡದು. 18ನೇ ಶತಮಾನದ ಗಣಿತಜ್ಞ ಆಯ್ಲರ್ ಹೆಸರಿನ ವಿಧಾನ ಇದು.

ಸ್ಪ್ರಿಂಗ್ ಹಾಕಿದರಂತೂ ಈ ದೋಷ ಎದ್ದು ಕಾಣುತ್ತದೆ. 1 ಕಿಲೊ ತೂಕ, ಮೀಟರಿಗೆ 100 ನ್ಯೂಟನ್ ಬಿಗಿ ಇರುವ ಸ್ಪ್ರಿಂಗ್, ಘರ್ಷಣೆ ಇಲ್ಲ. ಅದು ಒಂದೇ ಅಳತೆಯಲ್ಲಿ ಹಿಂದೆ ಮುಂದೆ ತೂಗುತ್ತಿರಬೇಕು. ಸೆಕೆಂಡಿಗೆ 60 ಜಿಗಿತದ ಆಯ್ಲರ್ ವಿಧಾನದಲ್ಲಿ ಮೊದಲ ಸೆಕೆಂಡ್ ಮುಗಿಯುವಷ್ಟರಲ್ಲೇ ತೂಗಾಟ ಎರಡು ಪಟ್ಟಿಗಿಂತ ಹೆಚ್ಚಾಗಿರುತ್ತದೆ. ಇನ್ನು ಕೆಲವೇ ಸೆಕೆಂಡಿನಲ್ಲಿ ತೂಕ ಪರದೆಯ ಆಚೆ ಹಾರಿರುತ್ತದೆ. ಎಲ್ಲಿಂದಲೂ ಬಾರದ ಶಕ್ತಿಯನ್ನು ಕೋಡ್ ಪ್ರತಿ ಜಿಗಿತದಲ್ಲೂ ಸೇರಿಸುತ್ತಿದೆ. ಇದನ್ನು ಕಂಡ ಹೆಚ್ಚಿನವರು ಸ್ಪ್ರಿಂಗಿನ ಬಿಗಿ ತಗ್ಗಿಸುತ್ತಾರೆ, ಇಲ್ಲವೇ ಘರ್ಷಣೆ ಸುರಿಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎರಡು ಸಾಲುಗಳ ಜಾಗವನ್ನು ಅದಲುಬದಲು ಮಾಡಿ:

ವೇಗ = ವೇಗ + ವೇಗೋತ್ಕರ್ಷ × ಡಿಟಿ
ಸ್ಥಾನ = ಸ್ಥಾನ + ವೇಗ × ಡಿಟಿ

ಇಷ್ಟೇ. ಹೊಸ ವೇಗದಿಂದ ಸ್ಥಾನ ಬದಲಾಗುತ್ತದೆ, ಸ್ಪ್ರಿಂಗ್ ಗಂಟೆಗಟ್ಟಲೆ ತನ್ನ ಅಳತೆಯ ಆಸುಪಾಸಿನಲ್ಲೇ ತೂಗುತ್ತದೆ. ಇದಕ್ಕೆ ಸೆಮಿ-ಇಂಪ್ಲಿಸಿಟ್ ಆಯ್ಲರ್ ಎನ್ನುತ್ತಾರೆ. ಆರ್‌ಕೆ4 ಎಂಬ ವಿಧಾನ ಹೆಚ್ಚು ನಿಖರವೆಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಒಂದು ಜಿಗಿತದ ಮಟ್ಟಿಗೆ ಅದು ನಿಜ, ಆದರೆ ಅದಕ್ಕೆ ಜಿಗಿತಕ್ಕೆ ನಾಲ್ಕು ಬಾರಿ ಬಲದ ಲೆಕ್ಕ ಬೇಕು. ಕಲಿಯುವವರು ಅದರ ಹಿಂದೆ ಹೋಗುವುದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಆದರೆ ಚೆಂಡಿನ ಎತ್ತರ? ಸಾಲು ಬದಲಿಸಿದ ಮೇಲೆ 30 ಫ್ರೇಮಿಗೆ 1.17, 60 ಫ್ರೇಮಿಗೆ 1.21 ಮೀಟರ್. ಈಗಲೂ ಎರಡು ಕಂಪ್ಯೂಟರಿಗೆ ಎರಡು ಉತ್ತರ. ಡಿಟಿ ಹಾಕಿ ಗುಣಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಎಲ್ಲೆಡೆ ಹೇಳಿಕೊಡುತ್ತಾರೆ, ಅದು ಅರ್ಧ ಮಾತ್ರ ಸರಿ. ಉಳಿದರ್ಧವೆಂದರೆ ಡಿಟಿಯನ್ನು ಎಲ್ಲ ಕಂಪ್ಯೂಟರುಗಳಲ್ಲೂ ಒಂದೇ ಇಡುವುದು.

ಅದಕ್ಕೆ ಸಮಯ ಕೂಡಿಡಲು ಒಂದು ಡಬ್ಬಿ, ಅಂದರೆ ಕೋಡಿನಲ್ಲಿ ಒಂದು ವೇರಿಯಬಲ್ ಇಟ್ಟುಕೊಳ್ಳಿ. ಪ್ರತಿ ಫ್ರೇಮಿನಲ್ಲೂ ಗಡಿಯಾರ ನೋಡಿ, ಕಳೆದ ನಿಜವಾದ ಸಮಯವನ್ನು ಡಬ್ಬಿಗೆ ಹಾಕಿ. ಡಬ್ಬಿಯಲ್ಲಿ 1/60 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಇರುವವರೆಗೂ ಅಷ್ಟನ್ನು ತೆಗೆದು ಭೌತಶಾಸ್ತ್ರದ ಒಂದು ಜಿಗಿತ ಹಾಕಿಸಿ. ನಿಧಾನದ ಯಂತ್ರದಲ್ಲಿ ಒಂದು ಫ್ರೇಮಿಗೆ ಎರಡು ಜಿಗಿತ ಬೀಳಬಹುದು, ವೇಗದ ಯಂತ್ರದಲ್ಲಿ ಕೆಲವು ಫ್ರೇಮಿಗೆ ಒಂದೂ ಬೀಳದಿರಬಹುದು. ಜಿಗಿತದ ಅಳತೆ ಮಾತ್ರ ಎಲ್ಲೆಡೆ ಒಂದೇ. ಡಬ್ಬಿಯಲ್ಲಿ ಮಿಕ್ಕ ಚೂರು ಸಮಯವನ್ನು ಎಸೆಯಬೇಡಿ. ಅದು ಒಂದು ಜಿಗಿತದ ಎಷ್ಟನೇ ಭಾಗವೋ ಅಷ್ಟರಮಟ್ಟಿಗೆ ಹಿಂದಿನ ಸ್ಥಾನದಿಂದ ಈಗಿನ ಸ್ಥಾನದ ಕಡೆಗೆ ಸರಿಸಿ ಚಿತ್ರ ಬಿಡಿಸಿ. ಇಲ್ಲದಿದ್ದರೆ ಚಲನೆ ತಡವರಿಸಿದಂತೆ ಕಾಣುತ್ತದೆ.

ಇಲ್ಲೊಂದು ಅಪಾಯವಿದೆ. ಕಂಪ್ಯೂಟರ್ ಯಾವುದೋ ಕಾರಣಕ್ಕೆ 3 ಸೆಕೆಂಡ್ ನಿಂತಿತೆನ್ನಿ. ಡಬ್ಬಿಯಲ್ಲಿ 180 ಜಿಗಿತದ ಸಮಯ ಕೂಡಿರುತ್ತದೆ. ಅವನ್ನು ಮುಗಿಸಲು ಸಮಯ ಹಿಡಿಯುತ್ತದೆ, ಅದು ಮತ್ತೆ ಡಬ್ಬಿಗೆ ಬೀಳುತ್ತದೆ, ಗೇಮ್ ಮೇಲೇಳದೆಯೇ ಹೋಗಬಹುದು. ಒಂದು ಫ್ರೇಮಿನಲ್ಲಿ ಡಬ್ಬಿಗೆ 0.25 ಸೆಕೆಂಡಿಗಿಂತ ಹೆಚ್ಚು ಹಾಕಬಾರದು ಎಂದು ಮಿತಿ ಇಡಿ.

ವಿದ್ಯಾರ್ಥಿಯ ಗೇಮಿಗೆ ಇಷ್ಟನ್ನು ಮಾಡಿ, ಹಾರುವ ವೇಗವನ್ನು 5ರಿಂದ 5.2ಕ್ಕೆ ಏರಿಸಿದೆವು. ಪಾತ್ರ ಎರಡೂ ಯಂತ್ರಗಳಲ್ಲಿ 1.31 ಮೀಟರ್ ಏರಿತು, ಗೋಡೆ ಹತ್ತಿತು.

ವೇಗ ಕುಗ್ಗಿಸಲು ಫ್ರೇಮಿಗೊಮ್ಮೆ 0.99ರಿಂದ ಗುಣಿಸುವ ಅಡ್ಡದಾರಿಯೂ ಇದೇ ರೋಗದ್ದು. ಒಂದು ಸೆಕೆಂಡಿನ ನಂತರ 30 ಫ್ರೇಮಿನಲ್ಲಿ ಶೇ 74ರಷ್ಟು ವೇಗ ಉಳಿದರೆ, 144 ಫ್ರೇಮಿನಲ್ಲಿ ಉಳಿಯುವುದು ಶೇ 24ರಷ್ಟೇ. ಈ ಗುಣಾಕಾರವನ್ನು ಒಂದೇ ಅಳತೆಯ ಜಿಗಿತದೊಳಗೆ ಇಡಿ.

ಹೆಜ್ಜೆ 4: ಡಿಕ್ಕಿ

ವೃತ್ತಗಳಿಂದ ಶುರುಮಾಡಿ. ಎರಡು ಕೇಂದ್ರಗಳ ನಡುವಿನ ದೂರ ಎರಡು ತ್ರಿಜ್ಯಗಳ ಮೊತ್ತಕ್ಕಿಂತ ಕಡಿಮೆಯಿದ್ದರೆ ಡಿಕ್ಕಿ. ದೂರದ ವರ್ಗವನ್ನು ಮೊತ್ತದ ವರ್ಗದೊಂದಿಗೆ ಹೋಲಿಸಿದರೆ ವರ್ಗಮೂಲದ ಖರ್ಚು ಉಳಿಯುತ್ತದೆ.

ಗುಂಡು ಗೋಡೆಯನ್ನು ತೂರಿಹೋಗುತ್ತಿದೆ ಎಂದು ಎಲ್ಲರೂ ಕೇಳುತ್ತಾರೆ. ಸೆಕೆಂಡಿಗೆ 300 ಮೀಟರ್ ಹೋಗುವ ಗುಂಡು 1/60 ಸೆಕೆಂಡಿನ ಒಂದು ಜಿಗಿತಕ್ಕೆ 5 ಮೀಟರ್ ದಾಟುತ್ತದೆ. 20 ಸೆಂಟಿಮೀಟರ್ ದಪ್ಪದ ಗೋಡೆಯ ಈಚೆ ಒಮ್ಮೆ ಇರುತ್ತದೆ, ಆಚೆ ಒಮ್ಮೆ ಇರುತ್ತದೆ, ಒಳಗೆ ಸಿಗುವುದೇ ಅಪರೂಪ. ಗುಂಡನ್ನು ಬಿಂದುವಾಗಿ ನೋಡದೆ ಹಿಂದಿನ ಸ್ಥಾನದಿಂದ ಈಗಿನ ಸ್ಥಾನಕ್ಕೆ ಎಳೆದ ಗೆರೆಯಾಗಿ ನೋಡಿ, ಆ ಗೆರೆ ಗೋಡೆಯನ್ನು ಕತ್ತರಿಸುತ್ತದೆಯೇ ಎಂದು ಪರೀಕ್ಷಿಸಿ.

ಹೆಜ್ಜೆ 5: ಮೂರು ಆಯಾಮದ ತಿರುವು

ತಿರುವನ್ನು ಬರೆಯುವ ಸಂಖ್ಯೆಗಳ ಕೋಷ್ಟಕ, ಅಂದರೆ ಮ್ಯಾಟ್ರಿಕ್ಸ್ ಕಲಿಯುವ ಕಾಲ ಈಗ, ಇದಕ್ಕೆ ಮುಂಚೆ ಅಲ್ಲ. ಮೂರು ಕೋನಗಳಲ್ಲಿ ತಿರುವು ಬರೆದರೆ ನಡುವಿನ ಕೋನ 90 ಡಿಗ್ರಿ ಮುಟ್ಟಿದಾಗ ಉಳಿದೆರಡು ಅಕ್ಷಗಳು ಒಂದರ ಮೇಲೊಂದು ಕೂತು, ಒಂದು ದಿಕ್ಕಿನ ತಿರುವೇ ಕಳೆದುಹೋಗುತ್ತದೆ. ಅದನ್ನೊಮ್ಮೆ ನೀವೇ ಮಾಡಿ ನೋಡಿ. ಡಬ್ಲಿನ್ನಿನ ಕಾಲುವೆಯೊಂದರ ಪಕ್ಕ ನಡೆಯುವಾಗ 1843ರಲ್ಲಿ ಗಣಿತಜ್ಞ ಹ್ಯಾಮಿಲ್ಟನ್‌ಗೆ ಹೊಳೆದ ನಾಲ್ಕು ಸಂಖ್ಯೆಗಳ ಕ್ವಾಟರ್ನಿಯನ್ ಏಕೆ ಬೇಕೆಂದು ಆಗ ತಾನಾಗಿ ತಿಳಿಯುತ್ತದೆ.

ದೊಡ್ಡ ಲೋಕ ಕಟ್ಟುವವರಿಗೆ ಒಂದು ಮಾತು. ಸಾಮಾನ್ಯ 32 ಬಿಟ್ ದಶಮಾಂಶ ಸಂಖ್ಯೆಯಲ್ಲಿ ಮೂಲಬಿಂದುವಿನಿಂದ 100 ಕಿಲೊಮೀಟರ್ ದೂರ ಹೋದರೆ ಸ್ಥಾನ ಸುಮಾರು 8 ಮಿಲಿಮೀಟರ್ ಅಂತರದಲ್ಲಿ ಮಾತ್ರ ಬದಲಾಗಬಲ್ಲದು, ಪಾತ್ರದ ಕೈಕಾಲು ನಡುಗುತ್ತವೆ. ಲೋಕವನ್ನೇ ಹಿಂದಕ್ಕೆ ಸರಿಸಿ ಪಾತ್ರವನ್ನು ಮೂಲಬಿಂದುವಿನ ಬಳಿ ಇಟ್ಟುಕೊಳ್ಳಿ.

ಹೆಜ್ಜೆ 6: ಎಂಜಿನ್

ಈಗ ತೆರೆಯಿರಿ. ಎರಿನ್ ಕ್ಯಾಟೊ ಬರೆದ ಎರಡು ಆಯಾಮದ ಭೌತಶಾಸ್ತ್ರ ಎಂಜಿನ್ ಬಾಕ್ಸ್‌ಟೂಡಿಯ ಕೋಡ್ ಯಾರಿಗೂ ಓದಲು ಸಿಗುತ್ತದೆ. ಮೊದಲ ಓದಿನಲ್ಲಿ ಬೇರೇನನ್ನೂ ಹುಡುಕಬೇಡಿ. ವೇಗ ಬದಲಿಸುವ ಸಾಲು ಮೇಲಿರುತ್ತದೆ, ಸ್ಥಾನ ಬದಲಿಸುವ ಸಾಲು ಕೆಳಗೆ. ಡಿಕ್ಕಿಗಳನ್ನು ಬಗೆಹರಿಸುವ ಲೆಕ್ಕ ಆ ಎರಡರ ನಡುವೆ ಕೂತಿರುತ್ತದೆ. ನಿಮ್ಮ ಮುಂದಿನ ಪಾಠ ಅದು.